ಶೆಟ್ಟಿಹಳ್ಳಿಯ ಅಂಗಳದಲ್ಲಿ ಒಂದು ಹೋಬಿ 16: ರಿಪೇರಿ ದಿನಚರಿ

ಜನವರಿ ಕೊನೆಯ ಭಾನುವಾರ

ಎರಡು ರೂಪಾಯಿ ನಾಣ್ಯದ ಅಂಚಿನಿಂದ ಹಳೇ ಹಾಯಿದೋಣಿಯ ಎಡಗಡೆ ಹಲ್‌ನ, ಅಂದರೆ ನೀರಲ್ಲಿ ತೇಲುವ ಒಡಲಿನ, ಮೈಯನ್ನು ಹಿಂದಿನಿಂದ ತಟ್ಟುತ್ತಾ ಬಂದೆ. ಟಣ್, ಟಣ್, ಟಣ್. ಚೌಕಟ್ಟನ್ನು ಹೊರುವ ಮುಂದಿನ ಕಂಬದ ಬುಡಕ್ಕೆ ಬಂದ ಕೂಡಲೇ ಸದ್ದು ಸತ್ತುಹೋಯಿತು. ಡಬ್, ಡಬ್. ಜಗಲಿ ಮೇಲೆ ಕೂತು ಕಾಯಿ ತುರಿಯುತ್ತಿದ್ದ ಅಮ್ಮ ತಲೆ ಎತ್ತಿ, "ಅಲ್ಲಿ ಒಳಗೆ ಬಿಟ್ಕೊಂಡೈತೆ ಕಣೋ" ಅಂದಳು. ಅಮ್ಮನ ತವರು ತಿಪಟೂರು ಕಡೆ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಯನ್ನು ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಏನಾಗಿದೆ ಅಂತ ಹೇಳುವ ಕಿವಿ ಅವಳದು. ನಾನು ಸದ್ದು ಬದಲಾದ ಕಡೆಯೆಲ್ಲ ಪೆನ್ಸಿಲ್ ಗುರುತು ಹಾಕುತ್ತಾ ಹೋದೆ. ಕೊನೆಗೆ ಗುರುತುಗಳನ್ನೆಲ್ಲ ಕೂಡಿಸಿ ನೋಡಿದರೆ ಒಂದು ಮೊರದಗಲ ಜಾಗ. ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳ ಮುರಿದ ಹಾಗೆ ಸದ್ದು.

ದೋಣಿ ಬಂದದ್ದು ಹಿಂದಿನ ದಿನ. ಚೆನ್ನೈ ಕಡಲದಂಡೆಯ ಒಂದು ಶೆಡ್‌ನಲ್ಲಿ ವರ್ಷಗಟ್ಟಲೆ ಮಗುಚಿ ಹಾಕಿದ್ದ ಹೋಬಿ 16. ಚೌಕಟ್ಟು ಬಿಚ್ಚಿ, ಎರಡು ಹಲ್‌ಗಳ ನಡುವೆ ಒಣಹುಲ್ಲು ತುಂಬಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರಿನ ತನಕ ಲಾರಿಯಲ್ಲಿ ತಂದೆವು. ಮಾಸ್ಟ್, ಅಂದರೆ ಹಾಯಿಗಂಬ, 8 ಮೀಟರಿಗಿಂತ ಉದ್ದ, ಲಾರಿಯ ಹಿಂದಕ್ಕೆ ಚಾಚಿಕೊಂಡಿತ್ತು. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೆವು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಕ್ಯಾಟಮರಾನ್, ಅಂದರೆ ಎರಡು ಹಲ್‌ಗಳ ಹಾಯಿದೋಣಿ ಇದು. ಉದ್ದ 5.04 ಮೀಟರ್, ಅಗಲ 2.41 ಮೀಟರ್, ತೂಕ ಸುಮಾರು 145 ಕೆಜಿ, ಓಡಿಸಲು ಇಬ್ಬರು. ಹಲ್‌ನ ತಳ ಬಾಳೆಹಣ್ಣಿನ ಹಾಗೆ ಬಾಗಿದೆ. ಹೊರಮೈ ಚಪ್ಪಟೆ, ಒಳಮೈ ಉಬ್ಬು. ಬೇರೆ ಹಾಯಿದೋಣಿಗಳು ಅಡ್ಡಕ್ಕೆ ಜಾರದಿರಲು ನೀರಿಗೆ ಹಲಗೆ ಇಳಿಸುತ್ತವೆ. ಇದಕ್ಕೆ ಆ ಉಬ್ಬೇ ಸಾಕು, ಹಲಗೆ ಬೇಡ. ಹಾಗಾಗಿ ಓಡುತ್ತಾ ಬಂದು ಮರಳಿನ ಮೇಲೇ ಹತ್ತಿಸಬಹುದು. ಕ್ಯಾಟಮರಾನ್ ಅನ್ನುವ ಪದ ತಮಿಳಿನ ಕಟ್ಟುಮರಂ. ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಕಟ್ಟು ಮತ್ತು ಮರ ಎರಡೂ ನಮ್ಮ ಬಾಯಲ್ಲೇ ಇವೆ. ಇದರಲ್ಲಿ ಮರ ಉಳಿದಿಲ್ಲ, ಆದರೆ ಕಟ್ಟು ಹಾಗೇ ಇದೆ: ಹಲ್‌ಗಳ ನಡುವೆ ನಾವು ಕೂರುವ ಬಟ್ಟೆಯ ಹಾಸು, ಅಂದರೆ ಟ್ರ್ಯಾಂಪೊಲಿನ್, ಬಿಗಿಯುವುದು ಹಗ್ಗದಿಂದ, ಹಾಯಿ ಏರಿಸುವುದು ಹಗ್ಗದಿಂದ, ಮಗುಚಿದರೆ ಎತ್ತುವುದೂ ಹಗ್ಗದಿಂದ.

ಸಮುದ್ರದಿಂದ ಇಷ್ಟು ದೂರ, ಸುಮಾರು 800 ಮೀಟರ್ ಎತ್ತರದಲ್ಲಿರುವ ಊರಿಗೆ ಇದನ್ನು ಯಾಕೆ ತಂದೆ ಅಂದರೆ, ಕಾರಣ ಹಿಂದಿನ ಡಿಸೆಂಬರ್.

ತಂಗಿಯ ಮಗಳೂ ನಾನೂ ಥಾಯ್ಲೆಂಡ್‌ನ ಒಂದು ರೆಗಾಟಾಕ್ಕೆ, ಅಂದರೆ ಹಾಯಿದೋಣಿ ಸ್ಪರ್ಧೆಗೆ, ಹೋಗಿದ್ದೆವು. ಐದು ಮೀಟರ್ ದೋಣಿಯನ್ನು ವಿಮಾನದಲ್ಲಿ ಒಯ್ಯಲಾಗುವುದಿಲ್ಲ. ಬಾಡಿಗೆಗೆ ಸಿಕ್ಕಿದ್ದರಲ್ಲೇ ಸ್ಪರ್ಧಿಸಬೇಕು. ಹೋಬಿ 16ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಆಯೋಜಕರು ಕೊಟ್ಟ ದೋಣಿಗಳೇ. ಅಂದರೆ ನಮ್ಮಂಥವರು ಎಲ್ಲಿಗೇ ಹೋದರೂ ಕೈಗೆ ಬರುವುದು ಬೇರೆಯವರ ದೋಣಿ. ಮೂರನೇ ರೇಸ್, ಒಳ್ಳೆ ಗಾಳಿ, ನಾವಿಬ್ಬರೂ ಟ್ರಾಪೀಜ್ ತಂತಿಗೆ ಜೋತು ಹೊರಗೆ ನಿಂತಿದ್ದೆವು. ಎಡ ಚುಕ್ಕಾಣಿ ಪಟ್ಟನೆ ಮೇಲೆದ್ದಿತು. ಹೋಬಿಯ ಚುಕ್ಕಾಣಿ ದಂಡೆ ತಾಗಿದರೆ ತಾನಾಗಿ ಮೇಲೇಳುವಂತೆ ಮಾಡಿದ್ದು. ಒಳಗೆ ಚುಕ್ಕಾಣಿಯನ್ನು ಕೆಳಗೆ ಕಚ್ಚಿ ಹಿಡಿಯುವ ಒಂದು ಕ್ಯಾಮ್, ಅದನ್ನು ಹಿಡಿದಿಡಲು ಒಂದು ಸ್ಪ್ರಿಂಗ್. ಆ ಸ್ಪ್ರಿಂಗ್ ಸಡಿಲವಾಗಿತ್ತು. ಅರ್ಧ ಎದ್ದ ಚುಕ್ಕಾಣಿಯನ್ನು ತಿರುಗಿಸುವುದೆಂದರೆ ತುಂಬಿದ ಗಾಡಿಯ ಮೂಕಿ ಹಿಡಿದು ಎಳೆದ ಹಾಗೆ. ದೋಣಿ ಗಾಳಿಗೆದುರಾಗಿ ತಿರುಗಿ ನಿಂತಿತು. ಕೊನೆಯವರಾಗಿ ಗೆರೆ ದಾಟಿದೆವು. ದಂಡೆಯಲ್ಲಿ ಪಕ್ಕದ ದೋಣಿಯವರು ಅಗಲ ಮೂತಿಯ ಸ್ಕ್ರೂಡ್ರೈವರ್ ತಂದು, ಒಂದು ಸ್ಕ್ರೂ ಎರಡು ಸುತ್ತು ಬಿಗಿಮಾಡಿ, ಐದು ನಿಮಿಷದಲ್ಲಿ ಸರಿಮಾಡಿಕೊಟ್ಟರು. ಆ ಸ್ಕ್ರೂ ಅಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಎಂಟು ವರ್ಷ ಹಾಯಿ ಹಿಡಿದಿದ್ದೇನೆ, ಒಂದು ದೋಣಿಯನ್ನೂ ಪೂರ್ತಿ ಬಿಚ್ಚಿ ಕಟ್ಟಿರಲಿಲ್ಲ.

ವಾಪಸ್ ಬರುವ ವಿಮಾನದಲ್ಲಿ ಹುಡುಗಿ ಕಿಟಕಿ ಕಡೆ ಮುಖ ಮಾಡಿಕೊಂಡು, "ಮಾಮ, ಒಂದು ಹಳೇ ದೋಣಿ ತಂದು ಪೂರ್ತಿ ಬಿಚ್ಚೋಣ" ಅಂದಳು. ಅಷ್ಟೇ ಮಾತು.

ಫೆಬ್ರವರಿ, ಮಾರ್ಚ್: ಒಣಗಿಸಿದ್ದು

ಹೋಬಿಯ ಹಲ್ ಅಂದರೆ ಎರಡು ತೆಳು ಫೈಬರ್‌ಗ್ಲಾಸ್ ಪದರ, ನಡುವೆ ಫೋಮ್. ಹಗುರ ಆಗಲಿ, ಗಟ್ಟಿಯೂ ಇರಲಿ ಅಂತ ಈ ವ್ಯವಸ್ಥೆ. ಮೂರೂ ಅಂಟಿಕೊಂಡಿರುವ ತನಕ ಅದಕ್ಕೆ ಬಲ. ಫೋಮಿನಿಂದ ಮೇಲ್ಪದರ ಬಿಟ್ಟುಕೊಂಡರೆ ಆ ಜಾಗ ಬರೀ ತಗಡು. ಗಾಳಿ ಜೋರಾದ ದಿನ ಅಲ್ಲೇ ಮಡಚಿಕೊಳ್ಳುತ್ತದೆ.

ಮದ್ದು ಇದೆ. ಬಿಟ್ಟುಕೊಂಡ ಜಾಗದಲ್ಲಿ ಒಂದೊಂದು ಇಂಚಿಗೆ 3 ಮಿಲಿಮೀಟರಿನ ಒಂದೊಂದು ತೂತು ಕೊರೆದು, ಸಿರಿಂಜಿನಿಂದ ತೆಳುವಾದ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಒಳಗೆ ಬಿಡುವುದು. ತೂತು ಮೇಲ್ಪದರವನ್ನಷ್ಟೇ ದಾಟಬೇಕು. ಒಳಪದರಕ್ಕೂ ತೂತಾದರೆ ಎಪಾಕ್ಸಿಯೆಲ್ಲ ಹಲ್‌ನ ಹೊಟ್ಟೆಗೆ ಸೋರಿಹೋಗುತ್ತದೆ. ಡ್ರಿಲ್ ಬಿಟ್ಟಿಗೆ ಎಷ್ಟು ಆಳ ಬೇಕೋ ಅಷ್ಟಕ್ಕೆ ಟೇಪ್ ಸುತ್ತಿ, ಟೇಪ್ ತಾಗಿದ ಕೂಡಲೇ ನಿಲ್ಲಿಸುತ್ತಾ ಹೋದೆವು. 180ಕ್ಕೂ ಹೆಚ್ಚು ತೂತು. ಮಧ್ಯಭಾಗದ ಕೆಲವು ತೂತುಗಳಲ್ಲಿ ಕಂದು ನೀರು ಜಿನುಗಿತು. ಚೆನ್ನೈನ ಯಾವ ಮಳೆಗಾಲದ ನೀರೋ.

ನೀರಿದ್ದ ಕಡೆ ಎಪಾಕ್ಸಿ ಹಿಡಿಯುವುದಿಲ್ಲ. ಇಲ್ಲಿ ಆತುರ ಮಾಡಿದವರು ಎರಡನೇ ಸಲ ಅದೇ ಕೆಲಸ ಮಾಡಬೇಕಾಗುತ್ತದೆ. ಹಾಗಾಗಿ ಆರು ವಾರ ಹಲ್‌ಗಳನ್ನು ಬಿಸಿಲಿಗಿಟ್ಟೆವು. ಶಿವರಾತ್ರಿ ಕಳೆದ ಮೇಲೆ ನಮ್ಮ ಬಿಸಿಲು ಹೇಗೆ ಅಂತ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹಗಲು ಕಪ್ಪು ಬಟ್ಟೆ ಹೊದಿಸಿ, ಸಂಜೆ ತೂತುಗಳ ಮೇಲೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದು, ರಾತ್ರಿ ಮಂಜು ಬೀಳದ ಹಾಗೆ ಟಾರ್ಪಾಲಿನ್ ಮುಚ್ಚುವುದು. ದಿನಾ ಒಂದು ತೂತಿಗೆ ಟಿಶ್ಯೂ ಕಾಗದದ ಬತ್ತಿ ತೂರಿಸಿ ನೋಡುತ್ತಿದ್ದೆವು. ಮಾರ್ಚ್ ಮಧ್ಯದ ಹೊತ್ತಿಗೆ ಬತ್ತಿ ಒಣಗಿಯೇ ಹೊರಬಂತು.

ಮಾರ್ಚ್ 22, ಎಪಾಕ್ಸಿ

ಸಿರಿಂಜ್ ತಂದದ್ದು ದನದ ಔಷಧಿ ಅಂಗಡಿಯಿಂದ. ಮನುಷ್ಯರ ಸೂಜಿ ತೀರಾ ಸಣ್ಣ, ಎಪಾಕ್ಸಿ ಇಳಿಯುವುದಿಲ್ಲ. ದನಕ್ಕೆ ಹಾಕುವ ದಪ್ಪ ಸೂಜಿ, 20 ಮಿಲಿಲೀಟರ್ ಸಿರಿಂಜ್.

ಮೊದಲ ಸಲ ತಪ್ಪು ಮಾಡಿದೆ. ಪ್ಲಾಸ್ಟಿಕ್ ಮಗ್‌ನಲ್ಲಿ ಕಾಲು ಲೀಟರಿನಷ್ಟು ಒಟ್ಟಿಗೆ ಕಲಸಿದೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ರಾಶಿಯಾಗಿದ್ದರೆ ಆ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ನಾಲ್ಕನೇ ಸಿರಿಂಜ್ ತುಂಬುವಷ್ಟರಲ್ಲಿ ಮಗ್ ಕೈಸುಡುತ್ತಿತ್ತು, ಆಮೇಲೆ ಹೊಗೆ. ಹುಡುಗಿ ಅದನ್ನು ಅಂಗಳದಾಚೆ ಮಣ್ಣಿನ ಮೇಲೆ ಇಟ್ಟು ಬಂದಳು. ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಯಾರೂ ಹತ್ತಿರ ಹೋಗಬಾರದು.

ಆಮೇಲೆ ಅಡುಗೆಮನೆಯಿಂದ ಹಳೆಯ ತಟ್ಟೆ ಇಡ್ಲಿಯ ತಟ್ಟೆಗಳನ್ನು ತಂದೆ. ನಮ್ಮ ಕ್ಯಾತ್ಸಂದ್ರದ ಹೆಸರು ಯಾವುದರಿಂದ ಊರೂರಿಗೆ ಹೋಗಿದೆಯೋ ಅದೇ ತಟ್ಟೆ. ಐವತ್ತು ಐವತ್ತು ಮಿಲಿಲೀಟರ್ ಕಲಸಿ, ಕಲಸಿದ ಕೂಡಲೇ ತಟ್ಟೆಗೆ ಹರಡಿಬಿಡುವುದು. ತೆಳುವಾಗಿ ಹರಡಿದರೆ ಬಿಸಿ ಹೊರಗೆ ಹೋಗುತ್ತದೆ, ಕೆಲಸಕ್ಕೆ ಹೊತ್ತು ಸಿಗುತ್ತದೆ. ಆ ತಟ್ಟೆಗಳನ್ನು ಮತ್ತೆ ಅಡುಗೆಗೆ ಬಳಸುವ ಹಾಗಿಲ್ಲ. ಅಮ್ಮನಿಗೆ ಹೊಸ ಸೆಟ್ ತಂದುಕೊಟ್ಟೆ.

ಇನ್ನೊಂದು ಕಲಿತದ್ದು ಹೊತ್ತಿನ ವಿಷಯ. ಬೆಳಿಗ್ಗೆ ಮಾಡಿದರೆ ಬಿಸಿಲೇರಿದ ಹಾಗೆ ಫೋಮಿನೊಳಗಿನ ಗಾಳಿ ಹಿಗ್ಗಿ, ಹಾಕಿದ ಎಪಾಕ್ಸಿಯನ್ನು ಗುಳ್ಳೆಗುಳ್ಳೆಯಾಗಿ ಹೊರಗೆ ನೂಕುತ್ತದೆ. ಸಂಜೆ ಐದರ ನಂತರ ಶುರುಮಾಡಿದರೆ ಮೈ ತಣ್ಣಗಾಗುತ್ತಾ ಹೋಗುತ್ತದೆ, ಒಳಗಿನ ಗಾಳಿ ಕುಗ್ಗಿ ಎಪಾಕ್ಸಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಳಗಿನ ತೂತಿನಿಂದ ಶುರು. ಸೂಜಿ ಒತ್ತಿ ಹಿಡಿದು, ಸಿರಿಂಜಿನ ಹಿಡಿಯನ್ನು ನಿಧಾನವಾಗಿ ತಳ್ಳಬೇಕು. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಪಕ್ಕದ ತೂತಿನಲ್ಲಿ ಜೇನಿನ ಬಣ್ಣದ ಒಂದು ಹನಿ ಏಳುತ್ತದೆ, ಹೊಳೆಯುತ್ತದೆ, ದೊಡ್ಡದಾಗುತ್ತದೆ. ಆಗ ಆ ತೂತಿಗೆ ಟೇಪ್ ಅಂಟಿಸಿ, ಹನಿ ಬಂದ ಕಡೆ ಸೂಜಿ ಇಡುವುದು. ನಾನು ತಳ್ಳುವುದು, ಅವಳು ಟೇಪ್ ಅಂಟಿಸುವುದು. ಮಧ್ಯೆ ಒಂದು ಕಡೆ ಎರಡು ಸಿರಿಂಜ್ ಪೂರ್ತಿ ಇಳಿಯಿತು, ಹನಿ ಬರಲೇ ಇಲ್ಲ. ಒಳಪದರಕ್ಕೆ ತೂತಾಗಿದೆ ಅಂದುಕೊಂಡು ನನ್ನ ಎದೆ ಹೊಡೆದುಕೊಳ್ಳತೊಡಗಿತು. ಮೂರನೆಯದರ ಅರ್ಧಕ್ಕೆ, ನಾಲ್ಕು ಇಂಚು ಆಚೆ, ಒಟ್ಟಿಗೆ ಐದು ತೂತುಗಳಲ್ಲಿ ಹನಿ ಎದ್ದವು. ಅಲ್ಲಿ ದೊಡ್ಡ ಪೊಳ್ಳೇ ಇತ್ತು. ಅವಳು "ಬಂತು ಮಾಮ, ಬಂತು" ಅಂತ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗೊಬ್ಬರದ ಚೀಲಗಳಲ್ಲಿ ಅರ್ಧ ಮರಳು ತುಂಬಿ ಹೇರಿದೆವು. ಕಲ್ಲು ಹೇರಬಾರದು. ಹಲ್‌ನ ಮೈ ಬಾಗಿದ್ದು, ಕಲ್ಲು ಒಂದೇ ಕಡೆ ಒತ್ತುತ್ತದೆ. ಮರಳಿನ ಚೀಲ ಮೈಗೆ ಮೈಯಾಗಿ ಕೂರುತ್ತದೆ.

ಎರಡು ದಿನ ಬಿಟ್ಟು ಚೀಲ ತೆಗೆದು ನಾಣ್ಯದಿಂದ ತಟ್ಟಿದೆ. ಟಣ್. ಅಮ್ಮನನ್ನೂ ಕರೆದು ತಟ್ಟಿಸಿದೆ. ಒಂದೇ ಒಂದು ಅಂಗೈಯಗಲ ಜಾಗ ಇನ್ನೂ ಮಂಕಾಗಿತ್ತು. ಅಲ್ಲಿ ಮತ್ತೆ ಹನ್ನೆರಡು ತೂತು, ಇನ್ನೊಂದು ಸಂಜೆ.

ಬಣ್ಣದ ಬಗ್ಗೆ ಚುಟುಕಾಗಿ: ಗಟ್ಟಿಯಾದ ಎಪಾಕ್ಸಿಯ ಮೇಲೆ ಒಂದು ಅಂಟಂಟಾದ ಜಿಡ್ಡು ಏಳುತ್ತದೆ. ಅದನ್ನು ಮೊದಲು ನೀರಲ್ಲಿ ತೊಳೆದೇ ಉಜ್ಜುಕಾಗದ ಹಿಡಿಯಬೇಕು, ಇಲ್ಲದಿದ್ದರೆ ಜಿಡ್ಡನ್ನೇ ಒಳಕ್ಕೆ ಉಜ್ಜಿದ ಹಾಗಾಗುತ್ತದೆ. ಆಮೇಲೆ ಕಾರಿಗೆ ಹೊಡೆಯುವ ಎರಡು ಡಬ್ಬದ ಪಾಲಿಯುರೆಥೇನ್ ಬಣ್ಣ ಹೊಡೆಸಿದೆ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲಾರಿಯ ಮೈಗೆ ಬಣ್ಣ ಹೊಡೆಯುವ ಹುಡುಗರು ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟರು. ಗೆರೆ ಒಂದೂ ಸೊಟ್ಟ ಇಲ್ಲ.

ಏಪ್ರಿಲ್: ಚುಕ್ಕಾಣಿ

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ಚುಕ್ಕಾಣಿಯ ಅಲಗಿನ ತುದಿ ಹಿಡಿದು ಅಲ್ಲಾಡಿಸಿದರೆ 14 ಮಿಲಿಮೀಟರ್ ಆಚೀಚೆ ಆಡುತ್ತಿತ್ತು. ಚುಕ್ಕಾಣಿಯನ್ನು ದೋಣಿಗೆ ಹಿಡಿದಿಡುವ ಸ್ಟೀಲ್ ಪಿನ್ ಅಷ್ಟಾಗಿ ಸವೆದಿರಲಿಲ್ಲ. ಅಲ್ಯೂಮಿನಿಯಂ ಎರಕದಲ್ಲಿದ್ದ ತೂತುಗಳು ದುಂಡಗಿದ್ದದ್ದು ಮೊಟ್ಟೆಯಾಕಾರವಾಗಿದ್ದವು. ಪಿನ್ನಿನ ಹತ್ತಿರದ ಅರ್ಧ ಮಿಲಿಮೀಟರ್ ಆಟ ಅಲಗಿನ ತುದಿಗೆ ಬರುವಷ್ಟರಲ್ಲಿ ಬೆರಳಗಲ ಆಗುತ್ತದೆ. ಅಷ್ಟು ಆಡುವ ಚುಕ್ಕಾಣಿ ಓಡುವಾಗ ನಡುಗುತ್ತದೆ, ನೀರನ್ನು ಕದಡುತ್ತದೆ, ವೇಗ ತಿನ್ನುತ್ತದೆ. ಕೈಯಲ್ಲಿ ಹಿಡಿದವನಿಗೆ ದೋಣಿ ಏನು ಹೇಳುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಎರಕಗಳನ್ನು ಚೀಲಕ್ಕೆ ಹಾಕಿಕೊಂಡು ಲೇತ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರು ನಮ್ಮೂರ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. ಕಾರ್ಖಾನೆ ಮುಚ್ಚುವ ಮೊದಲೇ ಹೊರಬಂದು ಸ್ವಂತ ಲೇತ್ ಹಾಕಿಕೊಂಡಿದ್ದಾರೆ. ಎರಕವನ್ನು ಬೆಳಕಿಗೆ ಹಿಡಿದು, ತೂತಿನೊಳಗೆ ಕಿರುಬೆರಳು ಆಡಿಸಿ, "ಇದು ಯಾವ ಗಾಡೀದು ಸ್ವಾಮಿ?" ಅಂದರು.

"ದೋಣೀದು ಸಾರ್."

"ದೋಣೀದಾ?" ಮತ್ತೆ ತಿರುಗಿಸಿ ನೋಡಿದರು. "ಇದಕ್ಕೆ ಹಿತ್ತಾಳೆ ಬುಷ್ ಹಾಕಿದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸವೆಯಲ್ಲ."

ಬುಷ್ ಅಂದರೆ ಸವೆದ ತೂತಿನೊಳಗೆ ಕೂರಿಸುವ ಬಳೆ. ಉಪ್ಪುನೀರಿನಲ್ಲಿ ಹಿತ್ತಾಳೆಯೂ ಅಲ್ಯೂಮಿನಿಯಂ ಕೂಡ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ ಅಂತ ಹೇಳಿದೆ. ರಿವೆಟ್‌ಗಳ ಸುತ್ತ ಸ್ಟೀಲ್ ತಾಗಿದ ಕಡೆಯೆಲ್ಲ ಎದ್ದಿದ್ದ ಬಿಳಿ ಪುಡಿಯನ್ನು ತೋರಿಸಿದೆ. ಅವರು ಉಗುರಿನಿಂದ ಪುಡಿ ಕೆರೆದು ನೋಡಿ ತಲೆದೂಗಿದರು. ನೈಲಾನ್ ಮಾಡೋಣವೇ ಅಂದರು. ನೈಲಾನ್ ನೀರು ಕುಡಿದು ಊದಿಕೊಳ್ಳುತ್ತದೆ, ಪಿನ್ ಕಚ್ಚಿಕೊಳ್ಳುತ್ತದೆ. ಕೊನೆಗೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಸರಳು ಅಂತ ತೀರ್ಮಾನವಾಯಿತು. ಅದು ಹೆಚ್ಚುಕಡಿಮೆ ನೀರೇ ಕುಡಿಯುವುದಿಲ್ಲ.

ಅವರ ಕೆಲಸ ನೋಡುವುದೇ ಒಂದು ಪಾಠ. ಸರಳನ್ನು ಚಕ್ಕಿಗೆ ಕಚ್ಚಿಸಿ, ಉಳಿ ತಾಗಿಸಿದ ಕೂಡಲೇ ಬಿಳಿಯ ಸುರುಳಿ ಶಾವಿಗೆ ಎಳೆಯ ಹಾಗೆ ಉದ್ದುದ್ದ ಬರುತ್ತಿತ್ತು. ಮೂರು ಸಲ ಉಳಿ ಹಾಯಿಸಿ, ಯಂತ್ರ ನಿಲ್ಲಿಸಿ, ಮೈಕ್ರೋಮೀಟರ್ ಹಿಡಿದು, ಅದು ತಣ್ಣಗಾಗುವ ತನಕ ಸುಮ್ಮನೆ ಕೂತರು. "ಬಿಸಿ ಇದ್ದಾಗ ಅಳೆದ್ರೆ ಸುಳ್ಳು ಹೇಳ್ತೈತೆ" ಅಂದರು. ಆಮೇಲೆ ಇನ್ನೊಂದು ಕೂದಲೆಳೆಯಷ್ಟು ತೆಗೆದರು. ಎಂಟು ಬುಷ್, ಎಂಟೂ ಒಂದೇ ಅಳತೆ. ಎರಕದ ತೂತನ್ನು ದುಂಡಗೆ ದೊಡ್ಡದು ಮಾಡಿ, ಬುಷ್ ಇಟ್ಟು, ಮರದ ಕೊಡತಿಯಲ್ಲಿ ಎರಡೇ ಏಟು. ಪಿನ್ ಇಳಿಬಿಟ್ಟರೆ ತನ್ನ ಭಾರಕ್ಕೆ ನಿಧಾನವಾಗಿ ಜಾರಿ ಇಳಿಯಿತು.

ಮನೆಗೆ ಬಂದು ಜೋಡಿಸಿ ಅಳೆದೆ. 14 ಇದ್ದದ್ದು 2 ಮಿಲಿಮೀಟರ್.

ಒಂದು ಮಾತು ಹೇಳಲೇಬೇಕು. ಹೋಬಿ 16 ಕಟ್ಟುನಿಟ್ಟಾದ ಏಕರೂಪದ ವರ್ಗ. ರೇಸಿನಲ್ಲಿ ಎಲ್ಲರ ದೋಣಿಯೂ ಒಂದೇ ತರಹ ಇರಬೇಕು, ಸ್ವಂತವಾಗಿ ಮಾಡಿಸಿದ ಬಿಡಿಭಾಗ ನಡೆಯುವುದಿಲ್ಲ. ನಮ್ಮದು ಅಭ್ಯಾಸದ ದೋಣಿ, ಆದ್ದರಿಂದ ಸರಿ. ಆದರೆ ಚುಕ್ಕಾಣಿಯ ಆಟ ಎಲ್ಲಿಂದ ಬರುತ್ತದೆ ಅನ್ನುವುದು ಈಗ ನನ್ನ ಬೆರಳಿಗೆ ಗೊತ್ತು. ಬಾಡಿಗೆ ದೋಣಿ ಮುಟ್ಟಿದ ಕೂಡಲೇ ಹೇಳಬಲ್ಲೆ.

ಕ್ಯಾಮಿನ ಸ್ಪ್ರಿಂಗನ್ನು ಹುಡುಗಿ ಹತ್ತು ಸಲ ಬಿಚ್ಚಿ ಹತ್ತು ಸಲ ಹಾಕಿದಳು. ಹತ್ತನೇ ಸಲ ಕಣ್ಣುಮುಚ್ಚಿಕೊಂಡು.

ಎರಡು ಚುಕ್ಕಾಣಿಗಳನ್ನು ಒಂದಕ್ಕೊಂದು ಸಮ ಮಾಡುವ ಕೆಲಸ ಬಾಕಿಯಿತ್ತು. ಅಲಗುಗಳ ಮುಂದಿನ ಅಂಚಿನ ನಡುವಿನ ದೂರ, ಹಿಂದಿನ ಅಂಚಿನ ನಡುವಿನ ದೂರ, ಎರಡನ್ನೂ ಅಳೆದು, ಎರಡನ್ನೂ ಜೋಡಿಸುವ ಅಡ್ಡಕೊಳವೆಯ ಉದ್ದ ತಿದ್ದುತ್ತಾ ಸರಿಮಾಡಬೇಕು. ಕಾರಿನ ಚಕ್ರಕ್ಕೆ ಅಲೈನ್‌ಮೆಂಟ್ ಮಾಡಿಸುತ್ತೇವಲ್ಲ, ಅದೇ ಲೆಕ್ಕ. ನಮ್ಮದು ಒಂದು ಬೆರಳು ಹೊರಕ್ಕೆ ತಿರುಗಿತ್ತು. ಅಂದರೆ ಎರಡು ಚುಕ್ಕಾಣಿಗಳೂ ಒಂದರ ವಿರುದ್ಧ ಇನ್ನೊಂದು ಎಳೆದಾಡುತ್ತಿದ್ದವು.

ಮೇ

ಟ್ರ್ಯಾಂಪೊಲಿನ್ ಹರಿದುಹೋಗಿತ್ತು. ಲಾರಿ ಟಾರ್ಪಾಲಿನ್ ಹೊಲಿಯುವವರಿಗೆ ಹಳೆಯದನ್ನೇ ಅಳತೆಗೆ ಕೊಟ್ಟೆ. ಐಲೆಟ್‌ಗಳ ಸಾಲು ಒಂದು ಸೆಂಟಿಮೀಟರೂ ತಪ್ಪಲಿಲ್ಲ. ದಾರ ಮಾತ್ರ ಪಾಲಿಯೆಸ್ಟರೇ ಆಗಬೇಕು ಅಂತ ಹಟ ಹಿಡಿದೆ, ಹತ್ತಿ ದಾರ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ಹಗ್ಗ ಬಿಗಿಯುವುದನ್ನು ನಾವೇ ಮಾಡಿದೆವು. ಒಂದು ಸಲ ಬಿಗಿದು, ಅರ್ಧ ಗಂಟೆ ಮೇಲೆ ಕೂತು, ಮತ್ತೆ ಬಿಗಿದು, ಮರುದಿನ ಮತ್ತೆ. ಚೌಕಟ್ಟಿನ ನಾಲ್ಕು ಮೂಲೆಗಳು ಕಿರುಗುಟ್ಟದೆ ನಿಲ್ಲುವುದು ಈ ಬಿಗಿಯಿಂದ.

ಮಾಸ್ಟ್ ಒಳಗೆ ಪೊಳ್ಳು. ದೋಣಿ ಮಗುಚಿದಾಗ ಅದರೊಳಗೆ ನೀರು ನುಗ್ಗಬಾರದು. ನುಗ್ಗಿದರೆ ಅದು ಮುಳುಗಿ, ದೋಣಿ ಪೂರ್ತಿ ತಲೆಕೆಳಗಾಗುತ್ತದೆ. ಪರೀಕ್ಷೆಗೆ ನೀರು ಬೇಕಲ್ಲ. ಗುಬ್ಬಿ ಹತ್ತಿರ ಪರಿಚಯದವರ ತೋಟದ ಕೃಷಿ ಹೊಂಡಕ್ಕೆ ಒಯ್ದೆವು. ಹೊಂಡದ ಪ್ಲಾಸ್ಟಿಕ್ ಹರಿಯದಂತೆ ಎರಡೂ ತುದಿಗೆ ಗೋಣಿ ಸುತ್ತಿ ತೇಲಿಬಿಟ್ಟು, ಒಬ್ಬೊಬ್ಬರು ಒಂದೊಂದು ಕಡೆ ಒತ್ತಿ ಮುಳುಗಿಸಿ ನೋಡಿದೆವು. ಮೂರು ರಿವೆಟ್‌ಗಳ ಹತ್ತಿರ ಸಾಲಾಗಿ ಗುಳ್ಳೆ. ಒಣಗಿಸಿ ಸಿಲಿಕೋನ್ ತುಂಬಿದ ಮೇಲೆ ರಾತ್ರಿಯಿಡೀ ತೇಲಿತು. ಬೆಳಿಗ್ಗೆ ಎತ್ತಿ ಅಲ್ಲಾಡಿಸಿದರೆ ಒಳಗೆ ಗುಳುಗುಳು ಇಲ್ಲ.

ಹಲ್‌ಗಳ ಸೋರಿಕೆ ನೋಡಿದ್ದು ಸೋಪಿನ ನೊರೆಯಿಂದ. ಹಿಂಬದಿಯ ಬಿರಡೆ ತೂತಿಗೆ ಕೊಳವೆ ಇಟ್ಟು ಬಾಯಲ್ಲೇ ಊದಿ, ಜೋಡಣೆಗಳ ಮೇಲೆ ನೊರೆ ಹಚ್ಚಿದೆವು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರೋಣ ಅಂದವರಿದ್ದರು. ಬೇಡವೇ ಬೇಡ, ಹಲ್ ಸೀಳಿಹೋಗುತ್ತದೆ. ಅದಕ್ಕೆ ಉಸಿರಿನ ಒತ್ತಡವೇ ಸಾಕು.

ಮಾಸ್ಟ್ ಹಿಡಿದಿಡುವ ಸ್ಟೀಲ್ ತಂತಿಗಳ ವಿಷಯದಲ್ಲಿ ಉಳಿತಾಯ ಮಾಡಲಿಲ್ಲ. ಹಳೆಯದರ ಮೇಲೆ ಟಿಶ್ಯೂ ಎಳೆದರೆ ಎರಡು ಕಡೆ ಕಚ್ಚಿಕೊಂಡಿತು. ಎಳೆ ಮುರಿದಿದೆ ಅಂತ ಅರ್ಥ. ಹೊಸ ಸೆಟ್ ಹೊರದೇಶದಿಂದಲೇ ತರಿಸಿದೆ.

ಜೂನ್ ಕೊನೆ, ಆಷಾಢ

ಮಾಸ್ಟ್ ನಿಲ್ಲಿಸುವ ಮೊದಲು ನಾನು ಮಾಡಿದ್ದು ತಲೆ ಎತ್ತಿ ನೋಡಿದ್ದು. ಲೋಹದ ಮಾಸ್ಟ್ ವಿದ್ಯುತ್ ತಂತಿಗೆ ತಾಗಿ ಜನ ಸತ್ತಿದ್ದಾರೆ. ಅದಕ್ಕಾಗಿಯೇ 1980ರ ದಶಕದಲ್ಲಿ ಹೋಬಿಯವರು ಮಾಸ್ಟಿನ ಮೇಲ್ಭಾಗವನ್ನು ವಿದ್ಯುತ್ ಹರಿಯದ ಫೈಬರ್‌ಗ್ಲಾಸ್‌ನಲ್ಲಿ ಮಾಡತೊಡಗಿದರು. ನಮ್ಮದರಲ್ಲೂ ಅದಿದೆ. ಆದರೆ ಕೆಳಭಾಗ ಅಲ್ಯೂಮಿನಿಯಂ, ಸುತ್ತಲ ತಂತಿ ಸ್ಟೀಲ್, ಅದನ್ನೇ ನಂಬುವ ಹಾಗಿಲ್ಲ. ನಮ್ಮ ಬೀದಿಯಲ್ಲಿ, ಕೆರೆಗೆ ಹೋಗುವ ದಾರಿಯಲ್ಲಿ, ಎಲ್ಲೆಲ್ಲೂ ತಂತಿ. ಹಾಗಾಗಿ ಊರೊಳಗೆ ಮಾಸ್ಟ್ ಮಲಗಿಸಿಯೇ ಇರಬೇಕು, ಕೆರೆಯಂಗಳದಲ್ಲಿ ಆಕಾಶ ಖಾಲಿ ಇರುವ ಕಡೆ ಮಾತ್ರ ಎತ್ತಬೇಕು ಅನ್ನುವುದು ನಮ್ಮಿಬ್ಬರ ಕಟ್ಟುಪಾಡು.

ಕೆರೆ ಗುಬ್ಬಿ ಕಡೆಯದು. ಪಂಚಾಯಿತಿಯವರನ್ನೂ ಮೀನು ಗುತ್ತಿಗೆ ಹಿಡಿದವರನ್ನೂ ಕೇಳಿ ಒಪ್ಪಿಗೆ ಪಡೆದೆ. ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ ಅಂತ ಅವರೇ ತೆಪ್ಪದಲ್ಲಿ ಬಂದು ತೋರಿಸಿದರು. ಗುತ್ತಿಗೆಯ ಹಿರಿಯರು ಹಾಯಿಯನ್ನು ಕೈಯಲ್ಲಿ ಸವರಿ, "ಆಷಾಢದ ಗಾಳೀಲಿ ಇಷ್ಟು ದೊಡ್ಡ ಬಟ್ಟೆ ಬಿಚ್ತೀರಾ? ಏರಿ ಮೇಲೆ ನಿಂತ್ರೆ ಪಂಚೆ ಹಾರೋಗ್ತೈತೆ" ಅಂದರು. ಆ ಗಾಳಿಗಾಗಿಯೇ ಬಂದದ್ದು ಅಂದೆ.

ಕೆರೆಯ ಆಳ ನಮ್ಮ ಮಾಸ್ಟಿಗಿಂತ ಕಡಿಮೆ. ಪೂರ್ತಿ ಮಗುಚಿದರೆ ತುದಿ ಹೂಳಿನಲ್ಲಿ ನೆಟ್ಟುಹೋಗುತ್ತದೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನನ್ನು ಮುಚ್ಚಳ ಬಿಗಿದು ಮಾಸ್ಟಿನ ನೆತ್ತಿಗೆ ಕಟ್ಟಿದೆವು. ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡೆವು. ತೂಕದ ಲೆಕ್ಕವೂ ಇತ್ತು: ಈ ವರ್ಗದಲ್ಲಿ ಇಬ್ಬರದೂ ಸೇರಿ ಕನಿಷ್ಠ 129 ಕೆಜಿ ಇರಬೇಕು, ಕಡಿಮೆಯಿದ್ದವರು ಭಾರ ಹೊರಬೇಕು. ನಾನು 72, ಅವಳು 51. ಆರು ನೀರಿನ ಬಾಟಲಿಗಳನ್ನು ಟ್ರ್ಯಾಂಪೊಲಿನ್‌ಗೆ ಕಟ್ಟಿದೆವು.

ಏರಿಯ ಮರೆಯಲ್ಲಿ ಗಾಳಿಯೇ ಇಲ್ಲ. ತೂಬಿನಾಚೆ ನೂರು ಮಾರು ದಾಟಿದ ಕೂಡಲೇ ಪಡುವಣದಿಂದ ಒಂದೇ ಸಮ ನುಗ್ಗಿತು. ಗಾಳಿಯ ಕಡೆಯ ಹಲ್ ನೀರಿನಿಂದೆದ್ದಿತು. ಅವಳು ತಂತಿಗೆ ಕೊಂಡಿ ಸಿಕ್ಕಿಸಿ ಹೊರಗೆ ನಿಂತಳು. ನಾನು ಚುಕ್ಕಾಣಿಯ ಕೋಲನ್ನು ಎರಡೇ ಬೆರಳಲ್ಲಿ ಹಿಡಿದಿದ್ದೆ. ನಡುಕವಿಲ್ಲ. ನೀರು ಅಲಗಿನ ಮೇಲೆ ಹರಿಯುವುದು ಬೆರಳಿಗೆ ಗೊತ್ತಾಗುತ್ತಿತ್ತು.

ಗಾಳಿಯ ಜೊತೆ ಓಡುವಾಗ ಹೋಬಿ ಮೂಗು ತೂರಿಸಿ ಮುಂದಕ್ಕೆ ಪಲ್ಟಿ ಹೊಡೆಯುವುದು ಹೆಸರುವಾಸಿ. ಅದರ ಮೂತಿ ಅಷ್ಟು ಸಪೂರ. ಇಬ್ಬರೂ ಹಿಂದಕ್ಕೆ ಸರಿಯಬೇಕು. ಎರಡನೇ ಸುತ್ತಿನಲ್ಲಿ ನಾನು ಒಂದು ಗಳಿಗೆ ತಡಮಾಡಿದೆ. ಎಡ ಮೂತಿ ನೀರೊಳಗೆ ಹೋಯಿತು, ದೋಣಿ ನಿಂತಿತು, ನಾವಿಬ್ಬರೂ ಮುಂದಕ್ಕೆ ಹಾರಿ ಬಿದ್ದೆವು. ಕ್ಯಾನ್ ತೇಲಿತು, ಮಾಸ್ಟ್ ಹೂಳು ಮುಟ್ಟಲಿಲ್ಲ. ಮೂತಿಯನ್ನು ಗಾಳಿಗೆ ತಿರುಗಿಸಿ, ಮೇಲಿನ ಹಲ್‌ಗೆ ಹಗ್ಗ ಹಾಕಿ, ಇಬ್ಬರೂ ಹಿಂದಕ್ಕೆ ಜೋತುಬಿದ್ದು ಎತ್ತಿದೆವು. ತೆಪ್ಪದ ಹಿರಿಯರು ಹುಟ್ಟು ಹಾಕುತ್ತಾ ಬಂದು, ನಾವು ಹತ್ತಿ ಕೂರುವ ತನಕ ಪಕ್ಕದಲ್ಲೇ ನಿಂತಿದ್ದರು.

ದಂಡೆಯಲ್ಲಿ ಇನ್ನೊಂದು ಅಭ್ಯಾಸ ನಡೆಯಿತು. ರೇಸಿನ ಮೊದಲ ಸಂಕೇತ ಬೀಳುವುದು ಐದು ನಿಮಿಷ ಮುಂಚೆ, ಆಮೇಲೆ ನಾಲ್ಕು, ಆಮೇಲೆ ಒಂದು, ಆಮೇಲೆ ಓಟ. ಬೇರೆಯವರ ದೋಣಿಯನ್ನು ಅದಕ್ಕೂ ಮೊದಲು ನಮ್ಮದಾಗಿಸಿಕೊಳ್ಳಬೇಕು. ಅವಳು ಫೋನ್‌ನಲ್ಲಿ ನಲವತ್ತು ನಿಮಿಷ ಇಟ್ಟಳು. ಮೊದಲು ಬಿರಡೆಗಳು, ಅವು ಮರೆತರೆ ಬೇರೆ ಯಾವುದೂ ಉಪಯೋಗವಿಲ್ಲ. ಆಮೇಲೆ ಚುಕ್ಕಾಣಿ: ಅಲಗಿನ ತುದಿ ಅಲ್ಲಾಡಿಸಿ ನೋಡುವುದು, ಕೈಯಿಂದ ಜಗ್ಗಿ ಕ್ಯಾಮ್ ಎಷ್ಟು ಬಲಕ್ಕೆ ಬಿಡುತ್ತದೆ ಅಂತ ನೋಡುವುದು, ಅಡ್ಡಕೊಳವೆಯ ಅಳತೆ. ಆಮೇಲೆ ಟಿಶ್ಯೂ ಹಿಡಿದು ತಂತಿಗಳು, ಪಿನ್ನುಗಳ ಉಂಗುರಗಳಿಗೆ ಟೇಪ್. ಟ್ರ್ಯಾಂಪೊಲಿನ್ ಬಿಗಿ. ಕೊನೆಗೆ ನಾಣ್ಯ ಹಿಡಿದು ಹಲ್ ತಟ್ಟುವುದು, ಸದ್ದು ಸತ್ತ ಕಡೆ ಫೋಟೊ ತೆಗೆದು ದೋಣಿ ಕೊಟ್ಟವರಿಗೆ ಮೊದಲೇ ತೋರಿಸುವುದು, ಹಿಂತಿರುಗಿಸುವಾಗ ಠೇವಣಿಯ ತಕರಾರು ಬರಬಾರದಲ್ಲ. ಮೊದಲ ಸಲ ನಮಗೆ 55 ನಿಮಿಷ ಹಿಡಿಯಿತು. ನಾಲ್ಕನೇ ಸಲ 38.

ಬರುವ ಡಿಸೆಂಬರಿನ ರೆಗಾಟಾಕ್ಕೆ ಒಯ್ಯುವ ಚೀಲವೂ ಇದರಿಂದಲೇ ಬದಲಾಗಿದೆ. ಹೋದ ಸಲ ಬರೀ ಹಾರ್ನೆಸ್, ಕೈಗವಸು, ಬಟ್ಟೆ. ಈ ಸಲ ಅಗಲ ಮೂತಿಯ ಸ್ಕ್ರೂಡ್ರೈವರ್, ರಿವೆಟ್ ಗನ್, ಅಲೆನ್ ಕೀಲಿಗಳು, ಹತ್ತು ಮೀಟರ್ ತೆಳು ಹಗ್ಗ, ಹಾಯಿಗೆ ಹಚ್ಚುವ ಟೇಪ್, ಬಿಡಿ ಪಿನ್ನು ಉಂಗುರಗಳು. ಎಲ್ಲ ಚೆಕ್‌ಇನ್ ಚೀಲಕ್ಕೆ. ಎಪಾಕ್ಸಿ ಒಯ್ಯುವುದಿಲ್ಲ, ಅದರ ಗಟ್ಟಿಕಾರಕ ಚರ್ಮ ಸುಡುವ ರಾಸಾಯನಿಕ, ವಿಮಾನದ ಚೀಲದಲ್ಲಿ ಇಡುವಂಥದ್ದಲ್ಲ.

ಸಂಜೆ ದೋಣಿಯ ಮೂತಿ ಎತ್ತಿ ಬಿರಡೆ ಬಿಚ್ಚಿದೆವು. ನಾವು ಎಪಾಕ್ಸಿ ಹಾಕಿದ ಎಡ ಹಲ್‌ನಿಂದ ಒಂದು ಹನಿಯೂ ಬರಲಿಲ್ಲ. ಬಲ ಹಲ್‌ನಿಂದ ಎರಡು ಲೋಟದಷ್ಟು ಬಂತು. ಹುಡುಗಿ ಲೋಟದಲ್ಲೇ ಹಿಡಿದು ಅಳೆದು ಪುಸ್ತಕದಲ್ಲಿ ಬರೆದುಕೊಂಡಳು. ಬಲಗಡೆ ಹಿಂದಿನ ಕಂಬದ ಬುಡದ ಮೇಲೆ ನನಗೆ ಅನುಮಾನ. ಬರುವ ಭಾನುವಾರ ಮತ್ತೆ ಸೋಪಿನ ನೊರೆ.